ತಾರಸಿಗೊಂದು ಒಲೆ

ವೀರೇಂದ್ರನಿಗೆ ಆ ಒಲೆಯ ಹುಚ್ಚು ಹಿಡಿದದ್ದು ಅವನ ಮ್ಯಾನೇಜರ್ ವಿಮಾನ ನಿಲ್ದಾಣದ ಬಳಿಯ ಸೋಗಾನೆಯಲ್ಲಿ ಕಟ್ಟಿಸಿದ ಹೊಸ ಮನೆಗೆ ಊಟಕ್ಕೆ ಹೋಗಿ ಬಂದ ಮೇಲೆ. ಮಾರನೆಯ ದಿನ ಭಾನುವಾರ. ಶಿವಮೊಗ್ಗದ ಗೋಪಾಳದ ಮನೆಯಲ್ಲಿ ಅವನ ಅಕ್ಕ ಶರಾವತಿ ಕಾವಲಿಯ ಮುಂದೆ ನಿಂತು ಒಂದೊಂದಾಗಿ ಅಕ್ಕಿರೊಟ್ಟಿ ಬೇಯಿಸಿ ಹಾಕುತ್ತಿದ್ದಳು. ಉಳಿದವರು ಮೇಜಿನ ಸುತ್ತ ಕೂತಿದ್ದರು. ವೀರೇಂದ್ರ ಎಡಗೈಯಲ್ಲಿ ಫೋನು ಹಿಡಿದು ಅಪ್ಪನ ತಟ್ಟೆಯ ಪಕ್ಕಕ್ಕೆ ಚಾಚಿದ.

“ನೋಡಪ್ಪ, ಇದೇ. ಬಾರ್ಬೆಕ್ಯೂ ಗ್ರಿಲ್ ಅಂತಾರೆ. ಮನೆ ಹೊರಗೆ ಇಡೋದು. ಎಲ್ಲರೂ ಸುತ್ತ ನಿಂತ್ಕೊಂಡು ಬಿಸಿಬಿಸಿ ಸುಟ್ಕೊಂಡು ತಿನ್ನೋದು. ಅಮ್ಮನಿಗೆ ಅವತ್ತು ಅಡುಗೆಮನೆಯಿಂದ ರಜ.”

ಪರಮೇಶ್ವರಪ್ಪ ಕನ್ನಡಕವನ್ನು ಹಣೆಗೇರಿಸಿ ನೋಡಿದರು. “ಏನನ್ನ ಸುಡೋದು?”

“ಪನ್ನೀರು, ಜೋಳ, ಅನಾನಸು, ದಪ್ಪಮೆಣಸಿನಕಾಯಿ.”

“ಅಷ್ಟೇನಾ?”

“ಅಷ್ಟೇ ಮಾವ,” ಎಂದಳು ಸೊಸೆ ಪ್ರಿಯದರ್ಶಿನಿ. “ನೀವು ಅಂದ್ಕೊಂಡಿದ್ದು ಯಾವುದೂ ಇಲ್ಲ.”

“ಅದು ಬರೋ ಹಾಗಿದ್ರೆ ನಾನು ಆ ಒಲೇನ ತಗೊಂಡು ಹೋಗಿ ತುಂಗೆಗೆ ಹಾಕ್ತೀನಿ. ಮೊದಲೇ ಹೇಳಿದೀನಿ.”

“ಎಲ್ಲಿ ಇಡ್ತೀಯೋ ಅದನ್ನ?” ಎಂದು ತಾಯಿ ಸುಭದ್ರಮ್ಮ ಕೇಳಿದರು. “ಮುಂದೆ ಕಾರು, ಹಿಂದೆ ಬಟ್ಟೆ ಒಗೆಯೋ ಕಲ್ಲು.”

“ತಾರಸಿ ಮೇಲೆ. ಶೀಟ್ ಹಾಕಿರೋ ಜಾಗ ಇದೆಯಲ್ಲ.”

ಶರಾವತಿಯ ಕೈಯಲ್ಲಿದ್ದ ಮಗುಚುವ ಕೈ ಅಲ್ಲೇ ನಿಂತಿತು. ತಾರಸಿಯ ಮೇಲೆ ಒಂದು ಕೋಣೆ, ಕೋಣೆಯ ಮುಂದೆ ತಗಡಿನ ಶೀಟು ಹಾಕಿದ ಹತ್ತಡಿ ಜಾಗ. ಕೋಣೆಯಲ್ಲಿ ಅವಳೂ ಮಗಳು ದೀಪಶ್ರೀಯೂ ಮಲಗುತ್ತಿದ್ದರು. ಶೀಟಿನ ಕೆಳಗೆ ದೀಪಶ್ರೀಯ ಓದುವ ಮೇಜು ಇತ್ತು. ಹುಡುಗಿ ಈ ಸಲ ಹತ್ತನೆಯ ತರಗತಿ.

“ಅಕ್ಕ, ಹೊತ್ತಿದ ವಾಸನೆ,” ಎಂದಳು ಪ್ರಿಯದರ್ಶಿನಿ. ಶರಾವತಿ ಕರಿದಾದ ರೊಟ್ಟಿಯನ್ನು ತೆಗೆದು ತನ್ನ ತಟ್ಟೆಗೆ ಹಾಕಿಕೊಂಡಳು.

ಶರಾವತಿ ತವರಿಗೆ ಬಂದದ್ದು ಯುಗಾದಿ ಕಳೆದ ಮರುವಾರ. ಭದ್ರಾವತಿಯ ಹೈಸ್ಕೂಲೊಂದರಲ್ಲಿ ಅವಳು ಹದಿನೇಳು ವರ್ಷಗಳಿಂದ ಗಣಿತದ ಟೀಚರು. ಗಂಡ ಸುನಿಲ್ ಅದೇ ಊರಿನ ಜನ್ನಾಪುರದಲ್ಲಿ ಇನ್ನೊಬ್ಬಳ ಜೊತೆ ಮನೆ ಮಾಡಿದ್ದಾನೆಂಬುದು ಅವಳಿಗೆ ಎಲ್ಲರಿಗಿಂತ ಕೊನೆಗೆ ಗೊತ್ತಾಯಿತು. ಗೊತ್ತಾದ ನಾಲ್ಕನೆಯ ದಿನ ಎರಡು ಸೂಟ್‌ಕೇಸು, ಮಗಳ ಪುಸ್ತಕದ ಚೀಲ ಹಿಡಿದು ಶಿವಮೊಗ್ಗಕ್ಕೆ ಬಂದಳು. ಕೆಲಸ ಬಿಡಲಿಲ್ಲ. ದೀಪಶ್ರೀ ಓದುವುದೂ ಅದೇ ಶಾಲೆಯಲ್ಲಿ. ತಾಯಿ ಮಗಳು ಬೆಳಿಗ್ಗೆ ಏಳೂವರೆ ಬಸ್ಸು ಹಿಡಿದು ಭದ್ರಾವತಿಗೆ ಹೋಗಿ, ಬಸ್‌ಸ್ಟ್ಯಾಂಡಿನಿಂದ ಆಟೋದಲ್ಲಿ ನೇರ ಶಾಲೆಗೆ, ಸಂಜೆ ಶಾಲೆಯಿಂದ ನೇರ ಬಸ್‌ಸ್ಟ್ಯಾಂಡಿಗೆ. ಆ ಊರಿನ ಅಂಗಡಿಬೀದಿಯಲ್ಲಿ ಅವಳು ಎಂಟು ತಿಂಗಳಿಂದ ಒಂದು ಕಟ್ಟು ಕೊತ್ತಂಬರಿಯನ್ನೂ ಕೊಂಡಿರಲಿಲ್ಲ. ಯಾರಾದರೂ ಸಿಕ್ಕಿ ಏನಾದರೂ ಕೇಳಿಯಾರೆಂಬ ಭಯ.

ಮುಂದಿನ ಎರಡು ವಾರ ಮನೆಯಲ್ಲಿ ಒಲೆಯದೇ ಮಾತು. ವೀರೇಂದ್ರ ಮೊದಲು ಇದ್ದಿಲಿನದು ಅಂದ. ರುಚಿ ಬರುವುದೇ ಇದ್ದಿಲಿನ ಹೊಗೆಯಿಂದ ಎಂದು ಮ್ಯಾನೇಜರ್ ಹೇಳಿದ್ದರಂತೆ.

“ಹೊಗೆ ಸೀದಾ ರೂಮಿಗೆ ಬರುತ್ತೆ ವೀರು,” ಎಂದಳು ಶರಾವತಿ. “ಬಾಗಿಲು ಗಾಳಿ ಬರೋ ಕಡೆಗೇ ಇದೆ. ದೀಪುಗೆ ಮೊದಲೇ ಸೀನು.”

“ಸರಿ ಬಿಡು. ಕರೆಂಟಿಂದು ತಗೋತೀನಿ. ಹೊಗೇನೇ ಇಲ್ಲ.”

ಕರೆಂಟಿನ ಒಲೆಗೆ ಪ್ಲಗ್ ಬೇಕು. ತಾರಸಿಯಲ್ಲಿದ್ದ ದೊಡ್ಡ ಪ್ಲಗ್ ಶರಾವತಿಯ ಕೋಣೆಯೊಳಗೆ, ಮಂಚದ ತಲೆಯ ಹತ್ತಿರ. ವೈರನ್ನು ಬಾಗಿಲಿಂದ ಎಳೆದರೆ ಬಾಗಿಲು ಹಾಕಲು ಬರುವುದಿಲ್ಲ. ಆ ಯೋಚನೆಯೂ ಬಿದ್ದುಹೋಯಿತು.

“ಗ್ಯಾಸಿಂದೇ ಸರಿ,” ಎಂದ ವೀರೇಂದ್ರ ಮೂರನೆಯ ಸಲ. “ಅದಕ್ಕೂ ಏನಾದ್ರೂ ಇದೆಯಾ ಅಕ್ಕ?”

“ನಾನು ಬೇಡ ಅಂದ್ನಾ? ಜಾಗ ಬೇರೆ ನೋಡು ಅಂತಿದೀನಿ.”

“ಬಿಸಿಲಲ್ಲಿ ನಿಲ್ಲಿಸಿ ಜನಕ್ಕೆ ಊಟ ಹಾಕ್ಲಾ?”

ಅವತ್ತು ಪಾತ್ರೆ ಒರೆಸಿಡುವಾಗ ಪ್ರಿಯದರ್ಶಿನಿ ಮೆಲ್ಲಗೆ ಹೇಳಿದಳು. “ಮದುವೆಯಾಗಿ ಮೂರು ವರ್ಷ ಆಯ್ತು ಅಕ್ಕ. ಈ ಮನೇಲಿ ಸೌಟಿಂದ ಹಿಡಿದು ಕರ್ಟನ್ ತನಕ ಎಲ್ಲ ಅತ್ತೆ ತಂದಿದ್ದು. ನಾನು ಅಂತ ಆರಿಸ್ತಿರೋದು ಇದೊಂದೇ.”

ಶರಾವತಿಗೆ ಅದು ಸುಳ್ಳೆನ್ನಿಸಲಿಲ್ಲ. ಅದಕ್ಕೇ ಇನ್ನಷ್ಟು ಚಡಪಡಿಸಿದಳು. ಮೇಲೆ ಹೋಗಿ ಶೀಟಿನ ಕೆಳಗೆ ನಿಂತು ಹೆಜ್ಜೆಯಲ್ಲಿ ಅಳೆದಳು. ಮೇಜನ್ನು ಗೋಡೆಗೆ ತಿರುಗಿಸಿ ನೋಡಿದಳು, ಮತ್ತೆ ಇದ್ದಂತೆ ಇಟ್ಟಳು.

ಆ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ಬಂದವಳನ್ನು ಶಿವಮೊಗ್ಗ ಬಸ್‌ಸ್ಟ್ಯಾಂಡಿನಲ್ಲಿ ವೀರೇಂದ್ರನೂ ಪ್ರಿಯದರ್ಶಿನಿಯೂ ಕಾರಿಗೆ ಹತ್ತಿಸಿಕೊಂಡರು. ದೀಪಶ್ರೀಗೆ ಶಾಲೆಯಲ್ಲಿ ಸ್ಪೆಷಲ್ ಕ್ಲಾಸು ಇತ್ತು. ದುರ್ಗಿಗುಡಿಯ ಒಂದು ಅಂಗಡಿಯಲ್ಲಿ ಒಲೆಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ಕಪ್ಪಗೆ ದುಂಡಗೆ ಕಾಲಿನ ಮೇಲೆ ನಿಂತವು, ಚಕ್ರವಿದ್ದವು, ಪೆಟ್ಟಿಗೆಯಂತೆ ಮುಚ್ಚಳ ಹಾಕುವಂಥವು. ಪ್ರಿಯದರ್ಶಿನಿ ಒಂದೊಂದರ ಮುಚ್ಚಳ ಎತ್ತಿ ನೋಡುತ್ತ ಹೋದಳು. ಅಂಗಡಿಯ ಹುಡುಗಿ ಹಿಂದೆಯೇ ಬಂದು ಕೇಳಿದಳು.

“ಮನೇಲಿ ಎಷ್ಟು ಜನ ಸರ್? ಅದರ ಮೇಲೆ ಸೈಜ್ ಹೇಳ್ತೀನಿ.”

“ನಾಲ್ಕು ಜನ,” ಎಂದ ವೀರೇಂದ್ರ.

ಶರಾವತಿ ಅವನಿಂದ ಎರಡು ಹೆಜ್ಜೆ ಹಿಂದೆ, ಉತ್ತರಪತ್ರಿಕೆಗಳ ಚೀಲ ಹಿಡಿದು ನಿಂತಿದ್ದಳು. ಹುಡುಗಿ ಅವಳತ್ತ ಒಮ್ಮೆ ನೋಡಿ, ಮತ್ತೆ ವೀರೇಂದ್ರನ ಕಡೆ ತಿರುಗಿ, ಎರಡು ಉರಿಯ ಒಲೆ ಸಾಕೆಂದಳು. ದಾರಿಯುದ್ದಕ್ಕೂ ಗಂಡಹೆಂಡತಿ ಬಣ್ಣದ ವಿಷಯ ಮಾತಾಡಿದರು. ಶರಾವತಿ ಹಿಂದಿನ ಸೀಟಿನಲ್ಲಿ ಕಿಟಕಿಯ ಗಾಜು ಇಳಿಸಿದಳು, ಏರಿಸಿದಳು, ಮತ್ತೆ ಇಳಿಸಿದಳು.

ರಾತ್ರಿ ಊಟಕ್ಕೆ ಕೂತಾಗ ಅವಳು ತಮ್ಮನಿಗೆ ಸಾರು ಬಡಿಸುತ್ತ ಕೇಳಿದಳು. “ವೀರು, ಅಂಗಡೀಲಿ ನಾಲ್ಕು ಜನ ಅಂದ್ಯಲ್ಲ, ಯಾರ್ಯಾರು?”

“ಅಯ್ಯೋ ಮಾರಾಯ್ತಿ, ಅಂಗಡಿಯವಳಿಗೆ ಏನೋ ಒಂದು ಹೇಳ್ದೆ. ರೇಷನ್ ಕಾರ್ಡ್ ಬರೆಸ್ತಿದ್ವಾ?”

“ಯಾರ್ಯಾರು ಅಂತ ಕೇಳ್ದೆ ಅಷ್ಟೇ.”

“ಅಕ್ಕ, ನೀವು ಬೇರೆ ಥರ ತಿಳ್ಕೋಬೇಡಿ,” ಎಂದಳು ಪ್ರಿಯದರ್ಶಿನಿ. “ನೀವು ಇಷ್ಟು ದಿನ ಇರ್ತೀರ ಅಂತ... ಅಂದ್ರೆ, ನಿಮ್ಮ ಕೇಸು ಕೋರ್ಟಲ್ಲಿ ಏನಾದ್ರೂ ಒಂದು ತೀರ್ಮಾನ ಆಗುತ್ತೆ, ನಿಮ್ಮದು ಅಂತ ಒಂದು ವ್ಯವಸ್ಥೆ ಆಗುತ್ತೆ ಅಂತಾನೇ ಇದ್ವಿ.”

ದೀಪಶ್ರೀ ಅರ್ಧ ಉಂಡ ತಟ್ಟೆಯನ್ನು ತೆಗೆದುಕೊಂಡು ಎದ್ದು ಹೋದಳು. ಮೆಟ್ಟಿಲ ಮೇಲೆ ಅವಳ ಕಾಲ ಸದ್ದು ತಾರಸಿಯವರೆಗೂ ಕೇಳಿತು.

“ಹುಡುಗಿ ಮುಂದೆ ಇದೆಲ್ಲ ಬೇಕಿತ್ತಾ?” ಎಂದರು ಸುಭದ್ರಮ್ಮ. ಯಾರಿಗೆ ಹೇಳಿದರೆಂದು ತಿಳಿಯಲಿಲ್ಲ.

ಪರಮೇಶ್ವರಪ್ಪ ಗಂಟಲು ಸರಿಮಾಡಿಕೊಂಡರು. ಅವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ಜಗಳ ಕಂಡರೆ ಏನಾದರೊಂದು ವಸ್ತುವಿನ ಕಡೆಗೆ ಮಾತು ತಿರುಗಿಸುವುದು ಅವರ ಅಭ್ಯಾಸ. “ಅಂಗಡಿ ಒಲೆಯೆಲ್ಲ ತೆಳು ತಗಡು. ನಮ್ಮ ಗುಲಾಮ್ ಮೊಹಿದ್ದೀನ್ ಹತ್ರ ಮಾಡಿಸೋಣ. ಕಾರ್ಖಾನೇಲಿ ನನ್ನ ಜೊತೆ ಇದ್ದೋನು, ಈಗ ಭದ್ರಾವತೀಲೇ ತರೀಕೆರೆ ರಸ್ತೇಲಿ ಮಗನ ಜೊತೆ ವೆಲ್ಡಿಂಗ್ ಶೆಡ್ ಹಾಕಿದಾನೆ. ಶರಾವತಿ, ಸೋಮವಾರ ಹೋಗಿ ಅಳತೆ ಹೇಳಿ ಬಾ. ಮನೆಮಂದಿಗೆಲ್ಲ ಆಗೋ ಹಾಗಿರಲಿ.”

ವೀರೇಂದ್ರ ಎಡಗೈಯಲ್ಲಿ ಫೋನು ತೆಗೆದು ಅಂಗಡಿಯ ಒಲೆಗಳ ಚಿತ್ರ ನೋಡತೊಡಗಿದ.

ಸೋಮವಾರ ಶಾಲೆ ಬಿಟ್ಟ ಮೇಲೆ ಶರಾವತಿ ಮಗಳನ್ನು ಸ್ಪೆಷಲ್ ಕ್ಲಾಸಿನಲ್ಲಿ ಬಿಟ್ಟು ತರೀಕೆರೆ ರಸ್ತೆಗೆ ನಡೆದೇ ಹೋದಳು. ಆಟೋದಲ್ಲಿ ಹೋಗಬಹುದಿತ್ತು, ಆದರೆ ಅಂದು ಕೂರಲಾಗಲಿಲ್ಲ. ದಾರಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ಎದುರಾಗಿ, “ಮೇಡಂ, ಚೆನ್ನಾಗಿದೀರಾ? ಕಂಡೇ ಇಲ್ಲ,” ಎಂದಳು. “ಚೆನ್ನಾಗಿದೀನಿ,” ಎಂದಳು ಶರಾವತಿ. ಆ ಹೆಂಗಸು ಮತ್ತೇನೂ ಕೇಳದೆ ಹೋದಳು.

ಗುಲಾಮ್ ಮೊಹಿದ್ದೀನರಿಗೆ ಎಪ್ಪತ್ತು ದಾಟಿತ್ತು. ಶೆಡ್ಡಿನ ಬಾಗಿಲಲ್ಲಿ ಸ್ಟೂಲ್ ಹಾಕಿ ಕೂತಿದ್ದವರು ಅವಳ ಗುರುತು ಹಿಡಿದು ಎದ್ದು ನಿಂತರು.

“ಪರಮೇಶಣ್ಣನ ಮಗಳಲ್ವಾ? ಬಾ ತಾಯಿ. ಏನು ಬೇಕಿತ್ತು?”

“ಅಪ್ಪ ಒಂದು ಗ್ರಿಲ್ ಮಾಡಿಸ್ಬೇಕು ಅಂದ್ರು.”

“ಕಿಟಕಿಗಾ, ವರಾಂಡಕ್ಕಾ?”

ಶರಾವತಿಗೆ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು, ತಡೆಯಲು ಸೆರಗು ಬಾಯಿಗಿಡಬೇಕಾಯಿತು. ಒಳಗಿಂದ ಮಗ ಜಮ್ಶೀದ್ ಬಂದು ಅವಳ ಫೋನಿನಲ್ಲಿದ್ದ ಚಿತ್ರ ನೋಡಿ ತಂದೆಗೆ ವಿವರಿಸಿದ. “ಅಬ್ಬಾಜಾನ್, ಕಬಾಬ್ ಸುಡೋ ಸಿಗಡಿ ಒಲೆ ಇಲ್ವಾ, ಅದೇ. ಸ್ವಲ್ಪ ದೊಡ್ಡದು, ಮುಚ್ಚಳ ಇರುತ್ತೆ.”

ಗುಲಾಮ್ ಮೊಹಿದ್ದೀನ್ ಸೀಮೆಸುಣ್ಣದ ಕಡ್ಡಿ ಹಿಡಿದು ನೆಲದ ಮೇಲೆ ಬಗ್ಗಿದರು. “ಎಷ್ಟು ಜನಕ್ಕೆ?”

“ಆರು.”

“ಎಲ್ಲಿ ಇಡೋದು?”

“ತಾರಸಿ ಮೇಲೆ, ಶೀಟಿನ ಕೆಳಗೆ.”

“ಗಾಳಿ ಯಾವ ಕಡೆಯಿಂದ? ಪಕ್ಕದಲ್ಲಿ ಏನಿದೆ?”

“ಒಂದು ರೂಮು. ಬಾಗಿಲು ಅಲ್ಲಿಗೇ ತೆರೆಯುತ್ತೆ.”

“ಸಾಮಾನು ಇಡೋ ರೂಮಾ?”

“ನಾನು, ನನ್ನ ಮಗಳು ಇರ್ತೀವಿ ಅದರಲ್ಲಿ.”

ಮುದುಕರ ಕೈ ನಿಂತಿತು. ಎಳೆದಿದ್ದ ಎರಡು ಗೆರೆಗಳನ್ನು ಚಪ್ಪಲಿಯಿಂದ ಒರೆಸಿಬಿಟ್ಟರು. “ಅಲ್ಲಿಗೆ ನಾನು ಮಾಡಿಕೊಡಲ್ಲಮ್ಮ. ಜನ ಮಲಗೋ ಬಾಗಿಲ ಮುಂದೆ ಬೆಂಕಿ ಇಡ್ತಾರಾ? ಬೇರೆ ಜಾಗ ನೋಡೋಕೆ ಹೇಳು ಪರಮೇಶಣ್ಣಂಗೆ.”

ಶೆಡ್ಡಿನ ಹಿಂದೆಯೇ ಅವರ ಮನೆ. ಮೊಹಿದ್ದೀನರ ಹೆಂಡತಿ ಕರೀಮಾಬಿ ಚಹಾ ತಂದುಕೊಟ್ಟರು. ಬಸ್ಸಿನಲ್ಲಿ ದಿನಾ ಓಡಾಡುವ ಕಷ್ಟ ಕೇಳಿದರು. ಸುನಿಲನ ವಿಷಯ ಅವರಿಗೆ ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು, ಆದರೆ ಅದನ್ನು ಎತ್ತಲಿಲ್ಲ.

“ಮೇಲಿನ ಮನೆ ಖಾಲಿಯಿದೆ,” ಎಂದರು ಲೋಟ ಹಿಂದಕ್ಕೆ ಪಡೆಯುತ್ತ. “ನರ್ಸಮ್ಮ ಒಬ್ರಿದ್ರು, ಹಾಸನಕ್ಕೆ ಹೋದ್ರು. ಒಳ್ಳೆಯವರು ಯಾರಾದ್ರೂ ಇದ್ರೆ ಹೇಳಮ್ಮ. ಬೇಕಿದ್ರೆ ನೋಡ್ಕೊಂಡು ಹೋಗು, ಹೇಳೋಕೆ ಅನುಕೂಲ.”

ಅವಳು ಬೇಡ ಎಂದಳು. ಆಮೇಲೆ ಮೆಟ್ಟಿಲು ಹತ್ತಿದಳು. ಎರಡು ಕೋಣೆ, ಒಂದು ಅಡುಗೆಮನೆ, ಬಚ್ಚಲು. ಅಡುಗೆಮನೆಯ ಕಿಟಕಿಯಿಂದ ಅವಳ ಶಾಲೆಯ ನೀರಿನ ಟ್ಯಾಂಕು ಕಾಣುತ್ತಿತ್ತು. ಕೆಳಗೆ ಇಳಿದು ಬಂದು, “ಯಾರಾದ್ರೂ ಇದ್ರೆ ಹೇಳ್ತೀನಿ,” ಎಂದಷ್ಟೇ ಹೇಳಿ ಹೊರಟಳು.

ಮೊಹಿದ್ದೀನರ ಮಾತನ್ನು ಅವಳು ಮನೆಯಲ್ಲಿ ಇದ್ದಂತೆ ಹೇಳಿದಳು. ಪರಮೇಶ್ವರಪ್ಪ, “ಅವನು ಹೇಳೋದೂ ಸರಿ,” ಎಂದರು. ವೀರೇಂದ್ರ ತಟ್ಟೆಯಿಂದ ತಲೆ ಎತ್ತಲಿಲ್ಲ. “ಈ ಭಾನುವಾರ ಮ್ಯಾನೇಜರ್ ಊಟಕ್ಕೆ ಬರ್ತಾರೆ ಅಪ್ಪ. ಅವರ ಮುಂದೆ ಗುಜರಿ ಕಬ್ಬಿಣ ತಂದಿಡೋದಾ?”

ಗುರುವಾರ ಸಂಜೆ ತಾಯಿ ಮಗಳು ಬಸ್ಸಿಳಿದು ಮನೆಗೆ ಬಂದಾಗ ಒಲೆ ಬಂದುಬಿಟ್ಟಿತ್ತು. ಕೆಂಪು ಮುಚ್ಚಳ, ಎರಡು ಚಕ್ರ. ಅದು ಶೀಟಿನ ಕೆಳಗೆ ಕೋಣೆಯ ಬಾಗಿಲಿಗೆ ನಾಲ್ಕಡಿ ದೂರದಲ್ಲಿ ನಿಂತಿತ್ತು. ದೀಪಶ್ರೀಯ ಮೇಜು ಕೋಣೆಯೊಳಗೆ ಹೋಗಿ ಮಂಚಕ್ಕೆ ಒತ್ತಿಕೊಂಡಿತ್ತು. ಮೇಜಿನ ಕೆಳಗೆ ಒಲೆಗೆಂದು ತಂದ ಸಿಲಿಂಡರು. ಕುರ್ಚಿ ಎಳೆಯಲು ಜಾಗವಿರಲಿಲ್ಲ.

ಶರಾವತಿ ಇಳಿದು ಬಂದಳು. “ಹುಡುಗಿ ಮಲಗೋ ರೂಮಲ್ಲಿ ಸಿಲಿಂಡರ್ ಇಡ್ತೀಯಲ್ಲೋ?”

“ಮೂರು ದಿನ ಅಕ್ಕ. ಭಾನುವಾರ ಮುಗಿದ ಮೇಲೆ ಕೆಳಗೆ ತರ್ತೀನಿ.”

“ಅವಳು ಎಲ್ಲಿ ಓದ್ಬೇಕು?”

“ಕೆಳಗೆ ಹಾಲ್ ಇಲ್ವಾ?”

“ಹಾಲಲ್ಲಿ ಟೀವಿ.”

“ಎಲ್ಲಕ್ಕೂ ಒಂದು ಇದ್ದೇ ಇರುತ್ತಲ್ಲ ನಿಂದು!” ವೀರೇಂದ್ರ ಧ್ವನಿ ಏರಿಸಿದ. “ಇದ್ದಿಲು ಅಂದ್ರೆ ಹೊಗೆ, ಕರೆಂಟ್ ಅಂದ್ರೆ ವೈರು, ಗ್ಯಾಸ್ ಅಂದ್ರೆ ಸಿಲಿಂಡರ್. ನನ್ನ ಮನೇಲಿ ಒಂದು ಒಲೆ ಇಡೋಕೆ ನನಗೆ ಜಾಗ ಇಲ್ವಾ?”

“ಹೊಂದಿಕೊಂಡು ಹೋಗಮ್ಮ,” ಎಂದರು ಸುಭದ್ರಮ್ಮ ಶರಾವತಿಗೆ. “ಒಂದು ಭಾನುವಾರ ತಾನೇ.”

ಸಿಲಿಂಡರನ್ನು ಶರಾವತಿ ತಾನೇ ಉರುಳಿಸಿ ಹೊರಗೆ ತಂದಿಟ್ಟಳು. ದೀಪಶ್ರೀ ಆ ಮೂರು ದಿನ ಮೆಟ್ಟಿಲ ಮೇಲೆ ಕೂತು ಓದಿದಳು.

ಭಾನುವಾರ ಮ್ಯಾನೇಜರ್ ಕುಟುಂಬ, ಆಫೀಸಿನ ಇನ್ನೆರಡು ಜೋಡಿ ಬಂದರು. ಸುಭದ್ರಮ್ಮ ಬೆಳಗಿನಿಂದ ಪನ್ನೀರಿಗೆ ಮೊಸರು, ಮಸಾಲೆ ಕಲಸಿದರು, ಚಟ್ನಿ ಅರೆದರು, ಹೊಸ ಒಲೆಯನ್ನು ನಂಬದೆ ಒಂದು ದೊಡ್ಡ ಪಾತ್ರೆ ಪುಳಿಯೋಗರೆಯನ್ನೂ ಮಾಡಿಟ್ಟರು. ಶರಾವತಿ ಈರುಳ್ಳಿ, ನಿಂಬೆಹಣ್ಣು ಹೆಚ್ಚಿ ತಟ್ಟೆ ಹೊತ್ತು ಮೇಲೆ ಕೆಳಗೆ ಹತ್ತಿಳಿದಳು. ಪರಮೇಶ್ವರಪ್ಪ ತಾರಸಿಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕಾವಲಿನವರಂತೆ ಕೂತರು.

ಮ್ಯಾನೇಜರ್ ಚೀಲದಿಂದ ಒಂದು ಡಬ್ಬಿ ತೆಗೆದರು. “ನನ್ನ ಕಡೆಯಿಂದ. ರಾತ್ರಿಯೆಲ್ಲ ಮಸಾಲೆ ಹಿಡಿದಿದೆ. ಚಿಕನ್ ಇಲ್ದೆ ಬಾರ್ಬೆಕ್ಯೂ ಏನು ವೀರೇಂದ್ರ?”

ಶರಾವತಿ ತಟ್ಟೆ ಹಿಡಿದು ನಿಂತಲ್ಲೇ ನಿಂತಳು. ವೀರೇಂದ್ರ ಮೂಲೆಯತ್ತ ಒಮ್ಮೆ ನೋಡಿದ.

“ಸರ್, ಬೇಜಾರು ಮಾಡ್ಕೋಬೇಡಿ. ಈ ಒಲೆ ಮೇಲೆ ಅದು ಬೇಡ.”

“ಒಂದು ಕಡೆ ಇಡೋಣಯ್ಯ, ಇದಕ್ಕೆ ತಾಗಲ್ಲ.”

“ಇಲ್ಲ ಸರ್. ಅಪ್ಪಾಜಿ ಇರೋ ಮನೆ.” ಡಬ್ಬಿಯನ್ನು ಅವರ ಕೈಯಿಂದ ತೆಗೆದುಕೊಂಡು ತಾನೇ ಕೆಳಗಿಳಿದು ಅವರ ಕಾರಿನಲ್ಲಿಟ್ಟು ಬಂದ. ಮ್ಯಾನೇಜರ್ ನಕ್ಕು ಸುಮ್ಮನಾದರು. ಶರಾವತಿಗೆ ಎದೆ ಉಬ್ಬಿತು. ಏಳು ವರ್ಷದ ಹುಡುಗಿಯಾಗಿದ್ದಾಗ ತಾನು ಸೊಂಟದ ಮೇಲೆ ಹೊತ್ತು ತಿರುಗಿದ ತಮ್ಮ ಅವನು.

ಪನ್ನೀರು ಚೆನ್ನಾಗಿ ಬಂತು. ತಿನ್ನುತ್ತ ಮ್ಯಾನೇಜರ ಹೆಂಡತಿ ಶರಾವತಿಯತ್ತ ತಿರುಗಿ, “ಇವರು ಯಾರು ಗೊತ್ತಾಗ್ಲಿಲ್ಲ,” ಎಂದರು.

“ಇವರ ಅಕ್ಕ,” ಎಂದಳು ಪ್ರಿಯದರ್ಶಿನಿ. “ರಜಕ್ಕೆ ಬಂದಿದಾರೆ.”

ವೀರೇಂದ್ರ ಕೇಳಿಸಿಕೊಂಡ. ಅವನು ಕೇಳಿಸಿಕೊಂಡದ್ದನ್ನು ಶರಾವತಿ ನೋಡಿದಳು. ಅವನು ಜೋಳವನ್ನು ತಿರುಗಿಸಿದ, ಮತ್ತೊಂದನ್ನು ತಿರುಗಿಸಿದ.

“ಯಾವ ರಜ ಅತ್ತೆ?” ಎಂದಳು ಬಾಗಿಲಲ್ಲಿ ನಿಂತಿದ್ದ ದೀಪಶ್ರೀ. “ನಾಳೆ ಏಳೂವರೆ ಬಸ್ಸಿಗೆ ಹೋಗ್ಬೇಕಲ್ಲ ನಾವು.”

ಮ್ಯಾನೇಜರ್ ಅವಸರವಾಗಿ ಸೋಗಾನೆಯ ವಿಮಾನದ ಹೊತ್ತು ಬದಲಾದ ಸುದ್ದಿ ಹೇಳತೊಡಗಿದರು.

ಅತಿಥಿಗಳು ಹೋದ ಮೇಲೆ, ಇನ್ನೂ ಬೆಳಕಿರುವಾಗಲೇ, ಮನೆಯವರೆಲ್ಲ ಚಾಪೆ ಮಡಿಸುತ್ತ ಲೋಟ ಆರಿಸುತ್ತ ತಾರಸಿಯಲ್ಲಿದ್ದರು. ಶರಾವತಿ ಒಲೆಯ ಸರಳುಗಳನ್ನು ಬಕೆಟ್ಟಿನಲ್ಲಿ ನೆನೆಹಾಕಿ ಉಜ್ಜುತ್ತಿದ್ದವಳು ತಲೆ ಎತ್ತದೆ ಹೇಳಿದಳು.

“ಭದ್ರಾವತೀಲಿ ಮನೆ ನೋಡಿದೀನಿ. ಗುಲಾಮ್ ಸಾಹೇಬರ ಮನೆ ಮೇಲೆ. ಸಂಕ್ರಾಂತಿ ಆದ ಮೇಲೆ ಹೋಗ್ತೀವಿ.”

ಸುಭದ್ರಮ್ಮ ಚಾಪೆ ಕೈಬಿಟ್ಟರು. “ಅವನು ಇನ್ನೊಬ್ಬಳ ಜೊತೆ ಇರೋ ಊರಿಗಾ? ದಿನಾ ಎದುರಿಗೆ ಬಂದ್ರೆ?”

“ಬರ್ಲಿ. ತಲೆ ತಗ್ಗಿಸ್ಬೇಕಾದೋನು ಅವನು. ಎಂಟು ತಿಂಗಳು ನಾನು ತಗ್ಗಿಸಿದೀನಿ, ಸಾಕು.”

“ಅದೂ ಸಾಬರ ಮನೆ ಮೇಲೆ...”

“ಸುಭದ್ರಾ,” ಎಂದರು ಪರಮೇಶ್ವರಪ್ಪ. “ಅವನ ಮನೆ ಚಹಾ ಕುಡಿದೇ ನನ್ನ ಮೂವತ್ತು ವರ್ಷ ಕಳೆದಿದ್ದು. ಆ ಮಾತು ಬೇಡ.” ಎದ್ದು ಬಂದು ಬಿದ್ದ ಚಾಪೆಯನ್ನು ತಾವೇ ಎತ್ತಿಕೊಂಡರು.

ವೀರೇಂದ್ರ ಬಂದು ಬಕೆಟ್ಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತ. “ಒಲೆ ವಾಪಸ್ ಕೊಡ್ತೀನಿ ಅಕ್ಕ. ನಾಳೇನೇ.”

“ಯಾಕೆ? ಒಲೆ ಚೆನ್ನಾಗಿದೆ. ಪ್ರಿಯಾ ಇಷ್ಟಪಟ್ಟು ತಂದಿದ್ದು.”

“ಮತ್ತೆ ಇನ್ನೇನು?”

ಶರಾವತಿ ಉಜ್ಜುವುದನ್ನು ನಿಲ್ಲಿಸಿದಳು. “ನೀನು ಅವರಿಗೆ ಬೇಡ ಸರ್ ಅಂದ್ಯಲ್ಲ ವೀರು, ನನಗೆ ಬಹಳ ಹೆಮ್ಮೆ ಆಯ್ತು. ಆಮೇಲೆ ಕಾದೆ. ನನ್ನ ವಿಷಯಕ್ಕೂ ಒಂದು ಮಾತು ಹೇಳ್ತೀಯೇನೋ ಅಂತ.”

ಪ್ರಿಯದರ್ಶಿನಿ ಲೋಟಗಳ ತಟ್ಟೆ ಹಿಡಿದು ಸರಸರನೆ ಮೆಟ್ಟಿಲಿಳಿದಳು. ವೀರೇಂದ್ರ ಬಕೆಟ್ಟಿಗೆ ಕೈ ಹಾಕಿ ಒಂದು ಸರಳು ತೆಗೆದುಕೊಂಡು ತಾನೂ ಉಜ್ಜತೊಡಗಿದ.

ಒಂದು ತಿಂಗಳು ಮನೆಯಲ್ಲಿ ಎಲ್ಲರೂ ಅಗತ್ಯಕ್ಕಿಂತ ಮೆತ್ತಗೆ ಮಾತಾಡಿದರು. ಸುಭದ್ರಮ್ಮ ಮೂರು ಸಲ ಅತ್ತರು, ತಾನಂತೂ ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದರು. ಹೊರಡುವ ದಿನ ಬೆಳಿಗ್ಗೆ ಸಾಮಾನಿನ ಟೆಂಪೋದ ಮುಂದಿನ ಸೀಟಿನಲ್ಲಿ ಹಾಲಿನ ಪಾತ್ರೆ ಮಡಿಲಲ್ಲಿಟ್ಟುಕೊಂಡು ಎಲ್ಲರಿಗಿಂತ ಮೊದಲು ಕೂತಿದ್ದವರೂ ಅವರೇ.

ಭದ್ರಾವತಿಯಲ್ಲಿ ವೀರೇಂದ್ರನೂ ಜಮ್ಶೀದನೂ ಮಂಚ, ಬೀರು ಮೇಲೆ ಸಾಗಿಸಿದರು. ವೀರೇಂದ್ರ ನಲ್ಲಿ ತಿರುಗಿಸಿ ನೋಡಿದ, ಬಾಗಿಲ ಚಿಲಕ ಸಡಿಲವಿದೆಯೆಂದು ಶೆಡ್ಡಿನಿಂದ ಸ್ಕ್ರೂಡ್ರೈವರ್ ತಂದು ಬಿಗಿ ಮಾಡಿದ. ಸುಭದ್ರಮ್ಮ ಬಾಗಿಲ ಹೊರಗೆ ಐದು ನಿಮಿಷ ನಿಂತಿದ್ದು, ಆಮೇಲೆ, “ಸಕ್ಕರೆ ಡಬ್ಬಿ ಯಾವ ಚೀಲದಲ್ಲಿ ಹಾಕಿದೀಯೇ?” ಎನ್ನುತ್ತ ಒಳಗೆ ಬಂದು ಹಾಲುಕ್ಕಿಸಿದರು. ಮೊದಲ ಲೋಟವನ್ನು ಕೆಳಗೆ ಕರೀಮಾಬಿಗೆ ದೀಪಶ್ರೀಯ ಕೈಯಲ್ಲಿ ಕಳಿಸಿದರು.

ಮಧ್ಯಾಹ್ನ ಅಮ್ಮನನ್ನು ಟೆಂಪೋದಲ್ಲಿ ಕೂರಿಸಿ ಬಂದು ವೀರೇಂದ್ರ ಹೊರಟು ನಿಂತ. ಮೆಟ್ಟಿಲ ಮೇಲೆ ತಿರುಗಿ ಹೇಳಿದ. “ಮೇಲಿನ ರೂಮು ಹಾಗೇ ಇರುತ್ತೆ ಅಕ್ಕ. ಯಾರಿಗೂ ಕೊಡಲ್ಲ.”

“ಹಾಗೇ ಇಡಬೇಡ. ಬಳಸ್ಕೊಳ್ಳಿ.”

“ಅಂದ್ರೆ ನೀನು ಬರೋದೇ ಇಲ್ವಾ?”

“ಬರ್ತೀನಿ. ಹಬ್ಬಕ್ಕೆ, ಊಟಕ್ಕೆ. ಕರೆದ್ರೆ.”

“ನಿನ್ನ ಕರೀಬೇಕಾ?”

“ಕರೀಬೇಕು.”

ಅವನ ಮುಖ ಕೆಂಪಾಯಿತು. ಇಳಿದು ಹೋದ. ಶರಾವತಿ ಅಡುಗೆಮನೆಯಲ್ಲಿ ಪಾತ್ರೆಗಳ ಗಂಟು ಬಿಚ್ಚಿದಳು. ಕೆಳಗೆ ಟೆಂಪೋ ಸ್ಟಾರ್ಟ್ ಆಯಿತು, ಹೊರಡಲಿಲ್ಲ. ಫೋನು ಬಡಿದುಕೊಂಡಿತು. ಕಿಟಕಿಯಿಂದ ಬಗ್ಗಿ ನೋಡಿದರೆ ವೀರೇಂದ್ರ ಟೆಂಪೋದ ಪಕ್ಕ ಬೆನ್ನು ತಿರುಗಿಸಿ ನಿಂತಿದ್ದ, ಕಿವಿಗೆ ಫೋನು.

“ಅಕ್ಕ,” ಎಂದ. “ಬರೋ ಭಾನುವಾರ ನೀನೂ ದೀಪೂನೂ ನಮ್ಮನೆಗೆ ಊಟಕ್ಕೆ ಬರ್ಬೇಕು. ಪ್ರಿಯಾನೂ ಫೋನ್ ಮಾಡ್ತಾಳೆ. ನಾನು ಹೇಳ್ತೀನಿ ಅವಳಿಗೆ.”

ಶರಾವತಿ ಕಿಟಕಿಯ ಸರಳು ಹಿಡಿದುಕೊಂಡು ಒಳಗೆ ತಿರುಗಿ ನೋಡಿದಳು. ಒಳಗಿನ ಕೋಣೆಯಲ್ಲಿ ದೀಪಶ್ರೀ ಮೇಜನ್ನು ತನಗೆ ಬೇಕಾದ ಕಡೆಗೆ ಎಳೆಯುತ್ತಿದ್ದಳು.

“ಹುಡುಗಿಗೆ ಪ್ರಿಪರೇಟ್ರಿ ಪರೀಕ್ಷೆ ಹತ್ರ ಬಂತು ವೀರು,” ಎಂದಳು. “ಅವಳನ್ನ ಕೇಳಿ ಹೇಳ್ತೀನಿ.”